ಬಂದರು, ವಿಮಾನ ನಿಲ್ದಾಣ ಹೊರಗಿನವರ ಕೈಗೆ: ಕ್ರಯವೋ, ಭೋಗ್ಯವೋ, ಬಾಡಿಗೆಯೋ?

ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣದ ಮಾತು ಶುರುವಾದಾಗಿಂದ ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಕನಕಪುರ ರಸ್ತೆಯೋ ಕುಣಿಗಲ್ ರಸ್ತೆಯೋ ಅನ್ನುವುದು ಒಂದು ಕಡೆ ಇರಲಿ, ಕಟ್ಟಿ ನಡೆಸುವವರು ಯಾರು? ಈಗಿರುವ ನಿಲ್ದಾಣದಲ್ಲಿ ದೊಡ್ಡ ಪಾಲು ಕೆನಡಾದ ಫೇರ್‌ಫ್ಯಾಕ್ಸ್ ಕಂಪನಿಯದ್ದು. ಹೊಸದನ್ನೂ ಹೊರಗಿನವರಿಗೇ ಕೊಡಬಹುದಾ? ಕೊಟ್ಟರೆ, 99 ವರ್ಷಕ್ಕೆ ಚೀನಾ ಕಂಪನಿಯ ಕೈಗೆ ಹೋದ ಶ್ರೀಲಂಕಾದ ಹಂಬನ್‌ತೋಟ ಬಂದರಿನ ಗತಿ ಬರುವುದಿಲ್ಲವಾ? ಕೊಡದಿದ್ದರೆ ಅಷ್ಟು ದುಡ್ಡು ಎಲ್ಲಿಂದ ತರುವುದು?

ಇದಕ್ಕೆ ಹೌದು ಅಥವಾ ಬೇಡ ಅಂತ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. 'ವಿದೇಶಿಯರಿಗೆ ಕೊಡುವುದು' ಅನ್ನುವ ಮಾತಿನೊಳಗೆ ನಾಲ್ಕು ಬೇರೆ ಬೇರೆ ವ್ಯವಹಾರಗಳಿವೆ. ಮನೆಯನ್ನು ಕ್ರಯ ಮಾಡಿಕೊಡುವುದು ಒಂದು. ಭೋಗ್ಯಕ್ಕೆ ಹಾಕುವುದು ಇನ್ನೊಂದು. ಖಾಲಿ ಸೈಟು ಕೊಟ್ಟು, 'ನೀನೇ ಕಟ್ಟು, ಇಷ್ಟು ವರ್ಷ ನಡೆಸು, ಆಮೇಲೆ ಬಿಟ್ಟುಕೊಡು' ಅನ್ನುವುದು ಮತ್ತೊಂದು. ಕಟ್ಟಡ ನಮ್ಮದೇ ಇಟ್ಟುಕೊಂಡು ಮಳಿಗೆ ಬಾಡಿಗೆಗೆ ಬಿಡುವುದು ಮಗದೊಂದು. ಮನೆ ವಿಷಯದಲ್ಲಿ ಈ ನಾಲ್ಕೂ ಒಂದೇ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಬಂದರಿನ ವಿಷಯ ಬಂದಾಗ ಮಾತ್ರ ಎಲ್ಲವನ್ನೂ ಕಲಸಿ ಒಬ್ಬರು 'ದೇಶ ಮಾರಿದರು' ಅನ್ನುತ್ತಾರೆ, ಇನ್ನೊಬ್ಬರು 'ಹೂಡಿಕೆ ಬಂತು' ಅನ್ನುತ್ತಾರೆ.

ಅಳೆಯುವ ಕೋಲು

ಯಾವ ಒಪ್ಪಂದ ಎದುರಿಗೆ ಬಂದರೂ ನಾನು ಆರು ವಿಷಯ ನೋಡುತ್ತೇನೆ.

ಪಹಣಿ ಯಾರ ಹೆಸರಲ್ಲಿರುತ್ತದೆ, ಎಷ್ಟು ವರ್ಷಕ್ಕೆ ಕೊಡುತ್ತಾರೆ ಅನ್ನುವುದು ಮೊದಲನೆಯದು. 30 ವರ್ಷದ ಕರಾರಿನಲ್ಲಿ ತಪ್ಪಾದರೆ ನಮ್ಮ ಮಕ್ಕಳು ತಿದ್ದಬಹುದು. 99 ವರ್ಷದ್ದನ್ನು ಮರಿಮಕ್ಕಳೇ ತಿದ್ದಬೇಕು.

ಎರಡನೆಯದು, ದರ ಯಾರ ಕೈಯಲ್ಲಿದೆ? ಹಡಗಿನಿಂದ ಡಬ್ಬ ಇಳಿಸಲು, ವಿಮಾನ ಹತ್ತಲು ಎಷ್ಟು ಅಂತ ಕಂಪನಿಯೇ ಬರೆದುಕೊಂಡರೆ ಒಂದು ಕಥೆ. ಮೇಲೊಬ್ಬರು ಲೆಕ್ಕ ಕೇಳುವವರಿದ್ದರೆ ಬೇರೆ ಕಥೆ. ಮೂರನೆಯದು, ಹಡಗು ಬರದಿದ್ದರೆ, ಪ್ರಯಾಣಿಕರು ಕಡಿಮೆಯಾದರೆ ನಷ್ಟ ಯಾರ ತಲೆಗೆ? ನಾಲ್ಕನೆಯದು ಕಾವಲು. ಗೇಟಿನಲ್ಲಿ ನಿಲ್ಲುವವರು, ಕಸ್ಟಮ್ಸ್‌ನವರು, ಯಾವ ಹಡಗು ಒಳಗೆ ಬರಬಹುದು ಅಂತ ಹೇಳುವವರು ಯಾರ ಸಂಬಳದವರು?

ಐದನೆಯದನ್ನು ಜನ ಮರೆತೇಬಿಡುತ್ತಾರೆ. ಪಕ್ಕದಲ್ಲಿ ಇನ್ನೊಂದು ಅಂಗಡಿ ಇಡಬಾರದು ಅಂತ ಷರತ್ತು ಇದೆಯಾ? ಆರನೆಯದು, ಮಾತು ಕೆಟ್ಟರೆ ಬಿಡಿಸಿಕೊಳ್ಳುವ ದಾರಿ ಇದೆಯಾ, ಅದಕ್ಕೆ ಖರ್ಚು ಎಷ್ಟು?

ಕಂಪನಿ ಯಾವ ದೇಶದ್ದು ಅನ್ನುವುದನ್ನು ಬೇಕಂತಲೇ ಇಲ್ಲಿ ಸೇರಿಸಿಲ್ಲ. ಅದೂ ಮುಖ್ಯವೇ. ಆದರೆ ಅದನ್ನೇ ಮೊದಲು ಕೇಳಿದರೆ ಉಳಿದ ಆರನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕ್ರಯ: ಗ್ರೀಸಿನ ಪಿರೇಯಸ್

ಅಥೆನ್ಸ್ ಪಕ್ಕದ ಪಿರೇಯಸ್ ಗ್ರೀಸಿನ ಅತಿ ದೊಡ್ಡ ಬಂದರು. ಚೀನಾ ಸರ್ಕಾರದ ಕಂಪನಿ ಕಾಸ್ಕೊ 2009ರಲ್ಲಿ ಅಲ್ಲಿನ ಎರಡು ಕಂಟೇನರ್ ಧಕ್ಕೆಗಳನ್ನು (ಹಡಗು ನಿಲ್ಲಿಸುವ ಕಟ್ಟೆ) 35 ವರ್ಷಕ್ಕೆ ನಡೆಸಲು ವಹಿಸಿಕೊಂಡಿತು. ಆಮೇಲೆ ಗ್ರೀಸ್ ಸಾಲದಲ್ಲಿ ಮುಳುಗಿತು. ಸಾಲ ಕೊಟ್ಟ ಯುರೋಪಿನವರೇ 'ಸರ್ಕಾರಿ ಆಸ್ತಿ ಮಾರಿ' ಅಂತ ಪಟ್ಟು ಹಿಡಿದರು. 2016ರಲ್ಲಿ ಬಂದರು ಪ್ರಾಧಿಕಾರದ ಶೇ 51 ಷೇರು 28 ಕೋಟಿ ಯೂರೋಗೆ ಕಾಸ್ಕೊ ಪಾಲಾಯಿತು. 2021ರಲ್ಲಿ ಇನ್ನೂ ಶೇ 16 ಹೋಯಿತು.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ಗೆದ್ದ ಕಥೆ. 2009ರಲ್ಲಿ 10 ಲಕ್ಷ ಕಂಟೇನರ್ ಕೂಡ ಮುಟ್ಟದ ಬಂದರು 2019ರಲ್ಲಿ 50 ಲಕ್ಷ ದಾಟಿತು. ಜಮೀನು ಈಗಲೂ ಗ್ರೀಸ್ ಸರ್ಕಾರದ್ದೇ, ಪ್ರಾಧಿಕಾರಕ್ಕೆ ಇರುವ ಹಕ್ಕು 2052ರವರೆಗೆ ಮಾತ್ರ. ಕ್ರಯ ಅಂದರೂ ಪಹಣಿ ಪೂರ್ತಿ ಹೋಗಿಲ್ಲ ಅನ್ನುವುದನ್ನು ಗಮನಿಸಿ.

ಸೋತದ್ದು ಎಲ್ಲಿ? ಶೇ 16 ಷೇರು ಕೊಡಬೇಕಾದರೆ ಕಂಪನಿ ಇಂತಿಷ್ಟು ಹೂಡಿಕೆ ಮುಗಿಸಿರಬೇಕು ಅನ್ನುವ ಷರತ್ತಿತ್ತು. ಅದು ಪೂರ್ತಿಯಾಗುವ ಮೊದಲೇ ಒಪ್ಪಂದ ತಿದ್ದಿ ಷೇರು ಕೊಟ್ಟರು. ಮಾಲೀಕತ್ವ ಒಮ್ಮೆ ಕೈಬಿಟ್ಟ ಮೇಲೆ ಷರತ್ತು ಹಿಡಿದು ಕೂರುವ ಶಕ್ತಿ ಕುಗ್ಗುತ್ತದೆ. 2017ರಲ್ಲಿ ವಿಶ್ವಸಂಸ್ಥೆಯಲ್ಲಿ ಚೀನಾದ ಮಾನವ ಹಕ್ಕುಗಳ ಬಗ್ಗೆ ಯುರೋಪ್ ಒಕ್ಕೂಟ ಹೇಳಿಕೆ ಕೊಡಲು ಹೊರಟಾಗ ಗ್ರೀಸ್ ತಡೆಯಿತು. ಬಂದರಿಗೂ ಅದಕ್ಕೂ ನಂಟಿದೆ ಅಂತ ಟೀಕಾಕಾರರು ಹೇಳಿದರು, ಗ್ರೀಸ್ ಒಪ್ಪಲಿಲ್ಲ. ನಂಟು ಇತ್ತೋ ಇಲ್ಲವೋ, ಆ ಅನುಮಾನ ಬರುವ ಜಾಗದಲ್ಲಿ ಒಂದು ದೇಶ ನಿಲ್ಲಬೇಕಾಯಿತು. ಅದೂ ಬೆಲೆಯ ಒಂದು ಭಾಗವೇ.

ಭೋಗ್ಯ: ಹಂಬನ್‌ತೋಟ ಮತ್ತು ಡಾರ್ವಿನ್

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಅಕ್ಕನ ಮದುವೆಗೆ ದುಡ್ಡು ಬೇಕಾದಾಗ ಅಪ್ಪ ಮೇಲಿನ ಮನೆಯನ್ನು ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕಿದರು. ದೊಡ್ಡ ಮೊತ್ತ ಒಟ್ಟಿಗೆ ಕೈಗೆ ಬಂತು, ಛತ್ರಕ್ಕೂ ಒಡವೆಗೂ ಹೋಯಿತು. ಮೂರು ವರ್ಷ ಆದ ಮೇಲೆ ವಾಪಸ್ ಕೊಡಲು ದುಡ್ಡಿರಲಿಲ್ಲ. ಇನ್ನೂ ಮೂರು ವರ್ಷ ಬರೆದುಕೊಟ್ಟರು. ಮೇಲೆ ಟ್ಯಾಂಕ್ ಸೋರಿದರೂ ಅಮ್ಮ ಮೆಟ್ಟಿಲ ಹತ್ತಿರ ನಿಂತು, 'ಒಳಗೆ ಬರಬಹುದಾ?' ಅಂತ ಕೇಳಿ ಹೋಗುತ್ತಿದ್ದರು. ಅಲ್ಲಿದ್ದವರು ಒಳ್ಳೆಯವರೇ. ನಾವು ದುಡ್ಡಿನ ಅವಸರದಲ್ಲಿ ಕೊಟ್ಟಿದ್ದೇ ತಪ್ಪಾಗಿತ್ತು.

ಹಂಬನ್‌ತೋಟದ ವಿಷಯ ಓದುವಾಗೆಲ್ಲ ನನಗೆ ಆ ಮೆಟ್ಟಿಲು ನೆನಪಾಗುತ್ತದೆ.

ಜನ ಮರೆಯುವ ಒಂದು ಸಂಗತಿ ಇದೆ. ಹಂಬನ್‌ತೋಟ ಶುರುವಾಗಿದ್ದು ಶ್ರೀಲಂಕಾದ ಸ್ವಂತ ಬಂದರಾಗಿಯೇ. ಮೊದಲ ಹಂತಕ್ಕೆ ಚೀನಾದ ಎಕ್ಸಿಮ್ ಬ್ಯಾಂಕಿನಿಂದ 30.7 ಕೋಟಿ ಡಾಲರ್ ಸಾಲ ತಂದರು, ಬಡ್ಡಿ ಶೇ 6.3. ಬಂದರು 2010ರ ನವೆಂಬರ್‌ನಲ್ಲಿ ಶುರುವಾಯಿತು. ಹಡಗುಗಳು ಮಾತ್ರ ಬರಲಿಲ್ಲ. ಕೊಲಂಬೊದಲ್ಲಿ ಒಳ್ಳೆಯ ಬಂದರು ಇರುವಾಗ ಇಲ್ಲಿಗೆ ಯಾಕೆ ಬರಬೇಕು? ನಷ್ಟ ಬೆಳೆಯಿತು. 2017ರ ಜುಲೈನಲ್ಲಿ ಚೈನಾ ಮರ್ಚೆಂಟ್ಸ್ ಪೋರ್ಟ್ ಕಂಪನಿಗೆ ಒಟ್ಟಾರೆ ಶೇ 70 ಪಾಲಿನೊಂದಿಗೆ 99 ವರ್ಷಕ್ಕೆ ಕೊಡುವ ಒಪ್ಪಂದವಾಯಿತು. ಬಂದ ಹಣ 112 ಕೋಟಿ ಡಾಲರ್.

ಸಾಲ ತೀರಿಸಲಾಗದೆ ಬಂದರನ್ನು ಚೀನಾ ಕಿತ್ತುಕೊಂಡಿತು ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಆ 112 ಕೋಟಿಯಿಂದ ಬಂದರಿನ ಸಾಲ ಚುಕ್ತಾ ಆಗಲಿಲ್ಲ. ಹಣ ದೇಶದ ವಿದೇಶಿ ವಿನಿಮಯದ ಗಂಟಿಗೆ ಸೇರಿತು, ಬಂದರಿನ ಸಾಲ ಶ್ರೀಲಂಕಾ ಖಜಾನೆಯ ತಲೆ ಮೇಲೇ ಉಳಿಯಿತು. ಆಗ ದೇಶವನ್ನು ಜಾಸ್ತಿ ಹಿಂಡುತ್ತಿದ್ದದ್ದು ಅಂತರರಾಷ್ಟ್ರೀಯ ಮಾರುಕಟ್ಟೆಯ ಬಾಂಡ್‌ಗಳು. ಅಂದರೆ ಬೇರೆ ಕಡೆಯ ಸಾಲದ ಉಸಿರುಕಟ್ಟಿಗೆ ಬಂದರನ್ನು ಭೋಗ್ಯಕ್ಕೆ ಹಾಕಿದರು. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸಾಲ ಕಟ್ಟುವುದನ್ನು ನಿಲ್ಲಿಸಿತು. ಬಂದ ದುಡ್ಡು ಐದು ವರ್ಷವೂ ಕಾಪಾಡಲಿಲ್ಲ. ಭೋಗ್ಯ ಇನ್ನೂ 94 ವರ್ಷ ಉಳಿದಿತ್ತು.

ಕಾವಲಿನ ವಿಷಯದಲ್ಲಿ ಶ್ರೀಲಂಕಾ ಪೂರ್ತಿ ಕೈಬಿಟ್ಟಿಲ್ಲ. 2022ರ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಅಲ್ಲಿಗೆ ಬಂದಾಗ ಭಾರತ ಆತಂಕ ಹೇಳಿಕೊಂಡಿತ್ತು. ಆಗ ಮೊದಲು ಮುಂದೂಡಿ ಅಂದದ್ದು, ಆಮೇಲೆ ಬರಲಿ ಅಂದದ್ದು ಕೊಲಂಬೊದ ಸರ್ಕಾರವೇ, ಕಂಪನಿ ಅಲ್ಲ. ಕಾಗದದ ಮೇಲೆ ಬೀಗದ ಕೈ ಅವರದ್ದೇ. ಆದರೆ ಕೈಯಲ್ಲಿ ದುಡ್ಡಿಲ್ಲದವನು ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಭೋಗ್ಯ ಕೊಟ್ಟವರಿಗೆ ಗೊತ್ತು.

ಡಾರ್ವಿನ್ ಕಥೆಯಲ್ಲಿ ದೇಶ ಬಡದಲ್ಲ, ಸಾಲವೂ ಕುತ್ತಿಗೆಗೆ ಬಂದಿರಲಿಲ್ಲ. ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದ ಸರ್ಕಾರ 2015ರಲ್ಲಿ ಬಂದರನ್ನು ಚೀನಾದ ಲ್ಯಾಂಡ್‌ಬ್ರಿಜ್ ಕಂಪನಿಗೆ 50.6 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ 99 ವರ್ಷ ಬರೆದುಕೊಟ್ಟಿತು. ಅಮೆರಿಕದ ನೌಕಾಪಡೆಯ ಮರೀನ್ ಸೈನಿಕರು ಸರದಿ ಪ್ರಕಾರ ಬಂದು ತರಬೇತಿ ಪಡೆಯುವುದು ಅದೇ ಊರಿನಲ್ಲಿ. ಮುಂಚೆ ಒಂದು ಮಾತು ಹೇಳಬಾರದಿತ್ತಾ ಅಂತ ಅಮೆರಿಕ ಬೇಸರ ಮಾಡಿಕೊಂಡಿತು. ಪ್ರಾಂತ್ಯಗಳು ಖಾಸಗಿ ಕಂಪನಿಗೆ ಆಸ್ತಿ ಕೊಡುವಾಗ ಕೇಂದ್ರದ ವಿದೇಶಿ ಹೂಡಿಕೆ ಮಂಡಳಿ ತಪಾಸಣೆ ಮಾಡಬೇಕಿಲ್ಲ ಅನ್ನುವ ಕಿಂಡಿ ಕಾನೂನಿನಲ್ಲಿ ಇತ್ತು. ಮರುವರ್ಷ ಅದನ್ನು ಮುಚ್ಚಿದರು, ಬಂದರು ಹೋದ ಮೇಲೆ. 2023ರ ಸರ್ಕಾರಿ ಪರಿಶೀಲನೆ ಒಪ್ಪಂದ ರದ್ದು ಮಾಡುವ ಅಗತ್ಯ ಇಲ್ಲ ಅಂದಿತು. 2025ರ ಚುನಾವಣೆಯಲ್ಲಿ ಎರಡೂ ದೊಡ್ಡ ಪಕ್ಷಗಳು ಬಂದರನ್ನು ವಾಪಸ್ ತರುತ್ತೇವೆ ಅಂತ ಮಾತು ಕೊಟ್ಟವು.

ನನ್ನ ತೀರ್ಮಾನ ನೇರವಾಗಿ ಹೇಳಿಬಿಡುತ್ತೇನೆ. ಇರುವ ಆಸ್ತಿಯನ್ನು ಒಟ್ಟಿಗೆ ದುಡ್ಡು ಬರುತ್ತದೆ ಅಂತ 99 ವರ್ಷ ಬರೆದುಕೊಡುವುದು ಈ ನಾಲ್ಕರಲ್ಲಿ ಅತಿ ಕೆಟ್ಟ ವ್ಯವಹಾರ. ಕೊಳ್ಳುವವರು ಯಾವ ದೇಶದವರಾದರೂ ಸರಿ. ಇವತ್ತಿನ ಸರ್ಕಾರಕ್ಕೆ ಖರ್ಚಿಗೆ ಸಿಗುತ್ತದೆ, ಮುಂದಿನ ಇಪ್ಪತ್ತು ಸರ್ಕಾರಗಳಿಗೆ ಮಾತಾಡುವ ಹಕ್ಕು ಇರುವುದಿಲ್ಲ.

ಕಟ್ಟಿ, ನಡೆಸಿ, ಬಿಟ್ಟುಕೊಡುವುದು: ನಮ್ಮ ದೇವನಹಳ್ಳಿ

ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2004ರ ಜುಲೈನಲ್ಲಿ. ಶುರುವಿನಲ್ಲಿ ಜರ್ಮನಿಯ ಸೀಮೆನ್ಸ್, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಮಾನ ನಿಲ್ದಾಣ, ನಮ್ಮ ಎಲ್ ಅಂಡ್ ಟಿ ಸೇರಿ ಶೇ 74. ರಾಜ್ಯ ಸರ್ಕಾರದ ಕೆಎಸ್‌ಐಐಡಿಸಿ ಮತ್ತು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ ತಲಾ ಶೇ 13. 2008ರ ಮೇನಲ್ಲಿ ವಿಮಾನ ಹಾರಿತು. ಆಮೇಲೆ ಖಾಸಗಿಯವರ ಷೇರಿನಲ್ಲಿ ದೊಡ್ಡ ಪಾಲು ಹೈದರಾಬಾದಿನ ಜಿವಿಕೆ ಕಂಪನಿಯ ಕೈಗೆ ಬಂತು, 2017ರಿಂದ ಫೇರ್‌ಫ್ಯಾಕ್ಸ್ ಬಂತು. ಮೇಲೆ ಬೋರ್ಡಿನ ಹೆಸರುಗಳು ಬದಲಾದವು, ಒಳಗಿನ ಕರಾರು ಅದೇ ಉಳಿಯಿತು. ಜಮೀನು ಸರ್ಕಾರದ್ದು. ಕಾವಲಿಗೆ ಕೇಂದ್ರ ಸರ್ಕಾರದ ಸಿಐಎಸ್‌ಎಫ್ ಪಡೆ. ವಿಮಾನಕ್ಕೆ ದಾರಿ ತೋರಿಸುವ ಟವರಿನಲ್ಲಿ ಕೂರುವವರು ಪ್ರಾಧಿಕಾರದವರು. ದರಕ್ಕೆ 2008ರ ಕಾನೂನಿನ ಕೆಳಗೆ ಬಂದ ಎಇಆರ್‌ಎ ಅನ್ನುವ ನಿಯಂತ್ರಕರು ಇದ್ದಾರೆ.

ಟಿಕೆಟ್ ಕೊಳ್ಳುವಾಗ ಒಟ್ಟು ಮೊತ್ತವನ್ನು ಬಿಡಿಸಿ ನೋಡಿ. ಯುಡಿಎಫ್ ಅಂತ ಒಂದು ಸಾಲು ಇರುತ್ತದೆ, ಬಳಕೆದಾರರ ಅಭಿವೃದ್ಧಿ ಶುಲ್ಕ. ಹೊಸ ಟರ್ಮಿನಲ್ಲಿನ ಬಿದಿರು, ತೂಗುವ ಗಿಡಗಳು, ಎರಡನೇ ರನ್‌ವೇ, ಎಲ್ಲಕ್ಕೂ ನಾವು ಕಂತು ಕಟ್ಟುವ ಜಾಗ ಅದು. ಆ ಸಾಲಿನಲ್ಲಿ ಎಷ್ಟು ಬರೆಯಬಹುದು ಅಂತ ನಿಯಂತ್ರಕರು ಹೇಳುತ್ತಾರೆ. ಹೇಳುವ ಮೊದಲು ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳುತ್ತಾರೆ. ಕಂಪನಿ ಯಾವ ದೇಶದ್ದು ಅನ್ನುವುದಕ್ಕಿಂತ ಆ ಕರಡನ್ನು ಎಷ್ಟು ಜನ ಓದುತ್ತಾರೆ ಅನ್ನುವುದು ನಮ್ಮ ಜೇಬಿಗೆ ಜಾಸ್ತಿ ಸಂಬಂಧಪಟ್ಟದ್ದು.

ಈ ಮಾದರಿಯ ಲಾಭ ಕಣ್ಣಿಗೆ ಕಾಣುತ್ತದೆ. 2022ರಲ್ಲಿ ಬಂದ ಎರಡನೇ ಟರ್ಮಿನಲ್ಲಿಗೆ ಸುಮಾರು 5,000 ಕೋಟಿ ರೂಪಾಯಿ ಹಿಡಿಯಿತು, ಆ ಹಣ ಹೊಂದಿಸುವ ತಲೆನೋವು ರಾಜ್ಯದ ಖಜಾನೆಗೆ ಬರಲಿಲ್ಲ. 2024ರಲ್ಲಿ ಪ್ರಯಾಣಿಕರು 4 ಕೋಟಿ ದಾಟಿದರು.

ಎಡವಿದ್ದು ಐದನೇ ಪ್ರಶ್ನೆಯಲ್ಲಿ. ನಿಲ್ದಾಣ ತೆರೆದಾಗಿನಿಂದ 25 ವರ್ಷ, ಅಂದರೆ 2033ರವರೆಗೆ, 150 ಕಿ.ಮೀ. ದೂರದೊಳಗೆ ಇನ್ನೊಂದು ವಿಮಾನ ನಿಲ್ದಾಣ ಬರುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಅದೇ ಒಪ್ಪಂದದ ಪ್ರಕಾರ ಎಚ್‌ಎಎಲ್ ನಿಲ್ದಾಣದಿಂದ ಸಾಮಾನ್ಯ ಪ್ರಯಾಣಿಕರ ವಿಮಾನಗಳು ನಿಂತವು. ಮುಚ್ಚಬೇಡಿ ಅಂತ 2008ರ ಮಾರ್ಚ್‌ನಲ್ಲಿ ಪ್ರಾಧಿಕಾರದ ನೌಕರರು ದೇಶದಾದ್ಯಂತ ಮುಷ್ಕರ ಮಾಡಿದರೂ ಫಲ ಸಿಗಲಿಲ್ಲ. ತಮಿಳುನಾಡು 2024ರಲ್ಲಿ ಹೊಸೂರಿಗೆ ವಿಮಾನ ನಿಲ್ದಾಣ ಘೋಷಿಸಿದಾಗ ಅಡ್ಡ ಬಂದದ್ದೂ ಇದೇ ಗೆರೆ. 2004ರಲ್ಲಿ ಈ ಷರತ್ತು ಇಲ್ಲದಿದ್ದರೆ ಯಾರೂ ಅಷ್ಟು ದುಡ್ಡು ಹಾಕುತ್ತಿರಲಿಲ್ಲ ಅನ್ನುವ ವಾದ ಇದೆ. ಅದರಲ್ಲಿ ಹುರುಳೂ ಇದೆ. ಆದರೆ ಷರತ್ತನ್ನು ವರ್ಷಕ್ಕೆ ಕಟ್ಟುವ ಬದಲು ಪ್ರಯಾಣಿಕರ ಸಂಖ್ಯೆಗೆ ಕಟ್ಟಬಹುದಿತ್ತು. ಇಷ್ಟು ಕೋಟಿ ಜನ ದಾಟಿದ ಮೇಲೆ ಪಕ್ಕದಲ್ಲಿ ಇನ್ನೊಂದು ತೆರೆಯಬಹುದು ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆ ಒಂದು ಸಾಲು ಇಲ್ಲದ್ದಕ್ಕೆ ದಕ್ಷಿಣ ಬೆಂಗಳೂರಿನವರು ಬೆಳಗಿನ ಆರರ ವಿಮಾನಕ್ಕೆ ರಾತ್ರಿ ಎರಡೂವರೆಗೆ ಎದ್ದು ಬನಶಂಕರಿಯಲ್ಲಿ ವಾಯುವಜ್ರ ಬಸ್ಸಿಗೆ ಕಾಯುತ್ತಾರೆ.

ಮಳಿಗೆ ಬಾಡಿಗೆ: ನ್ಹಾವಾ ಶೇವಾ

ನ್ಹಾವಾ ಶೇವಾ ಅಂತಲೇ ಕರೆಯುವ ನವಿ ಮುಂಬೈನ ಜವಾಹರಲಾಲ್ ನೆಹರು ಬಂದರಿನಲ್ಲಿ ಜಮೀನು, ಹಡಗು ಬರುವ ಕಾಲುವೆ, ರಸ್ತೆ, ರೈಲು ಎಲ್ಲವೂ ಸರ್ಕಾರಿ ಪ್ರಾಧಿಕಾರದ್ದು. ಒಳಗಿನ ಟರ್ಮಿನಲ್ಲುಗಳನ್ನು ಮಾತ್ರ ಬೇರೆ ಬೇರೆಯವರಿಗೆ ಬಿಟ್ಟಿದ್ದಾರೆ. ದುಬೈನ ಡಿಪಿ ವರ್ಲ್ಡ್, ಡೆನ್ಮಾರ್ಕಿನ ಎಪಿಎಂ, ಸಿಂಗಪುರದ ಪಿಎಸ್‌ಎ. ಒಬ್ಬರು ದರ ಏರಿಸಿದರೆ ಹಡಗಿನವರು ಪಕ್ಕದವರ ಹತ್ತಿರ ಹೋಗುತ್ತಾರೆ. ಒಬ್ಬರ ಅವಧಿ ಮುಗಿದರೆ ಬಂದರು ನಿಲ್ಲುವುದಿಲ್ಲ. ನನ್ನ ಆರು ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಒಳ್ಳೆಯ ಉತ್ತರ ಇರುವುದು ಇಲ್ಲಿಯೇ.

ಇದು ನಡೆಯಬೇಕಾದರೆ ಮೂರು ನಾಲ್ಕು ಮಳಿಗೆ ತುಂಬುವಷ್ಟು ವ್ಯಾಪಾರ ಬೇಕು. ಮೊದಲು ಕಟ್ಟಡಕ್ಕೆ ಸರ್ಕಾರವೇ ದುಡ್ಡು ಹಾಕಿರಬೇಕು. ಸಣ್ಣ ಬಂದರಿಗೆ, ಒಂದೇ ಟರ್ಮಿನಲ್ಲಿನ ನಿಲ್ದಾಣಕ್ಕೆ ಇದು ಒಗ್ಗುವುದಿಲ್ಲ.

ಪೂರ್ತಿ ಸ್ವಂತ ನಡೆಸುವುದರ ಬಗ್ಗೆ ಒಂದೇ ಮಾತು. ಪ್ರಯಾಣಿಕರು ಬಂದೇ ಬರುತ್ತಾರೆ ಅನ್ನುವ ಕಡೆ ಅದು ಒಳ್ಳೆಯದು. ಇಲ್ಲದ ಕಡೆ ಸಾಲ ಮಾಡಿ ಕಟ್ಟಿದರೆ ಹಂಬನ್‌ತೋಟದ ಪಕ್ಕದ ಮತ್ತಳ ವಿಮಾನ ನಿಲ್ದಾಣದ ಹಾಗಾಗುತ್ತದೆ. 2013ರಲ್ಲಿ ತೆರೆದ ಅದು ಬಹುಪಾಲು ಖಾಲಿಯೇ ಉಳಿಯಿತು.

ಹಾಗಾದರೆ ಯಾವ ದೇಶ ಅನ್ನುವುದು ಮುಖ್ಯ ಅಲ್ವಾ?

ಮುಖ್ಯ. ಆದರೆ ಎಲ್ಲಾ ಕಡೆ ಒಂದೇ ಅಳತೆಯಲ್ಲಿ ಅಲ್ಲ.

2006ರಲ್ಲಿ ಡಿಪಿ ವರ್ಲ್ಡ್ ಬ್ರಿಟನ್ನಿನ ಪಿ ಅಂಡ್ ಒ ಕಂಪನಿಯನ್ನು ಕೊಂಡಿತು. ಅದರ ಜೊತೆ ನ್ಯೂಯಾರ್ಕ್, ಬಾಲ್ಟಿಮೋರ್, ಮಯಾಮಿ ಸೇರಿ ಅಮೆರಿಕದ ಆರು ಬಂದರುಗಳ ಟರ್ಮಿನಲ್ ಕೆಲಸವೂ ಬರಬೇಕಿತ್ತು. ಅರಬರ ಕೈಗೆ ಬಂದರು ಅಂತ ದೊಡ್ಡ ಗಲಾಟೆ ಎದ್ದಿತು. ಅಧ್ಯಕ್ಷ ಬುಷ್ ಒಪ್ಪಂದದ ಪರ ನಿಂತರೂ, ಕೆಳಮನೆಯ ಸಮಿತಿ 62–2 ಮತಗಳಿಂದ ವಿರೋಧಿಸಿತು. ಕಂಪನಿ ಮರುದಿನವೇ ಹಿಂದೆ ಸರಿಯಿತು. ಆ ಟರ್ಮಿನಲ್ಲುಗಳು ಮೊದಲೂ ವಿದೇಶಿಯರ ಕೈಯಲ್ಲೇ ಇದ್ದವು, ಬ್ರಿಟಿಷರ ಕೈಯಲ್ಲಿ. ಕಸ್ಟಮ್ಸ್, ಕರಾವಳಿ ಕಾವಲು ಅಮೆರಿಕದ್ದೇ ಇರುತ್ತಿತ್ತು. ಅದೇ ಖರೀದಿಯಲ್ಲಿ ನ್ಹಾವಾ ಶೇವಾದ ಟರ್ಮಿನಲ್ಲೂ ಡಿಪಿ ವರ್ಲ್ಡ್‌ಗೆ ಬಂತು, ನಮ್ಮಲ್ಲಿ ಅಂಥ ಗಲಾಟೆ ಆಗಲಿಲ್ಲ.

ನಾವೇ ಹೊರಗಿನವರಾದ ಸಂದರ್ಭಗಳೂ ಇವೆ. ಕೊಲಂಬೊದ ಪೂರ್ವ ಟರ್ಮಿನಲ್ಲನ್ನು ಭಾರತ, ಜಪಾನ್ ಜೊತೆ ಸೇರಿ ಕಟ್ಟುವ ಒಪ್ಪಂದವನ್ನು ಬಂದರು ಕಾರ್ಮಿಕರ ವಿರೋಧದಿಂದ ಶ್ರೀಲಂಕಾ 2021ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. 2024ರಲ್ಲಿ ನೈರೋಬಿ ವಿಮಾನ ನಿಲ್ದಾಣವನ್ನು 30 ವರ್ಷಕ್ಕೆ ಅದಾನಿ ಸಮೂಹಕ್ಕೆ ಕೊಡುವ ಪ್ರಸ್ತಾಪದ ವಿರುದ್ಧ ಅಲ್ಲಿನ ನೌಕರರು ಕೆಲಸ ನಿಲ್ಲಿಸಿದರು, ನವೆಂಬರ್‌ನಲ್ಲಿ ಅಧ್ಯಕ್ಷ ರೂಟೊ ಅದನ್ನು ರದ್ದು ಮಾಡಿದರು. ಕೀನ್ಯಾದವರು ಕೇಳಿದ್ದು ಕೆಲಸ ಉಳಿಯುತ್ತದಾ, ಟೆಂಡರ್ ಕರೆಯದೆ ಯಾಕೆ ಕೊಟ್ಟಿರಿ ಅಂತ. ನಾವು ಕೇಳಬೇಕಾದ್ದೂ ಅದೇ.

ಬಾವುಟ ನಿಜವಾಗಿ ಮುಖ್ಯವಾಗುವುದು ಎರಡು ಕಡೆ. ನೌಕಾನೆಲೆ, ವಾಯುನೆಲೆ ಹತ್ತಿರ ಇರುವಾಗ ಒಂದು. ಕಂಪನಿಯ ಹಿಂದೆ, ನಮ್ಮ ಜೊತೆ ಗಡಿ ತಕರಾರು ಇರುವ ದೇಶದ ಸರ್ಕಾರವೇ ಇರುವಾಗ ಇನ್ನೊಂದು. 2020ರಿಂದ ನಮ್ಮ ಜೊತೆ ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಕೇಂದ್ರದ ಮುಂಗಡ ಅನುಮತಿ ಬೇಕು. 2025ರ ಮೇನಲ್ಲಿ ಟರ್ಕಿಯ ಸೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ಕೇಂದ್ರ ಒಂದೇ ಆದೇಶದಲ್ಲಿ ಹಿಂದಕ್ಕೆ ಪಡೆಯಿತು. ಬೆಂಗಳೂರು ಸೇರಿ ಹಲವು ನಿಲ್ದಾಣಗಳಲ್ಲಿ ಸಾಮಾನು ಸರಂಜಾಮಿನ ಕೆಲಸ ಬೇರೆಯವರಿಗೆ ಹೋಯಿತು, ವಿಮಾನಗಳು ಹಾರುತ್ತಲೇ ಇದ್ದವು. ಕೆಲಸ ಕೊಟ್ಟಿದ್ದು ಬಾಡಿಗೆಯ ಲೆಕ್ಕದಲ್ಲಾದ್ದರಿಂದ ಅದು ಸಾಧ್ಯವಾಯಿತು. 99 ವರ್ಷದ ಭೋಗ್ಯವನ್ನು ಹೀಗೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ನಿಮ್ಮ ಆಯ್ಕೆ ಯಾವುದು?

ಖಜಾನೆಯಲ್ಲಿ ದುಡ್ಡಿಲ್ಲ, ಆದರೆ ಪ್ರಯಾಣಿಕರು ಖಂಡಿತ ಬರುತ್ತಾರೆ ಅನ್ನುವುದಾದರೆ ಕಟ್ಟಿ ನಡೆಸಿ ಬಿಟ್ಟುಕೊಡುವ ದಾರಿ ಸರಿ, ಹೊರಗಿನವರಾದರೂ ಸರಿ. ಇಷ್ಟು ದೂರದೊಳಗೆ ಇನ್ನೊಂದು ಬೇಡ ಅನ್ನುವ ಷರತ್ತು ಮಾತ್ರ ಬೇಡ. ವ್ಯಾಪಾರ ಆಗಲೇ ದೊಡ್ಡದಾಗಿದ್ದರೆ ಮಳಿಗೆ ಬಾಡಿಗೆಗಿಂತ ಒಳ್ಳೆಯದಿಲ್ಲ. ವ್ಯಾಪಾರ ಬರುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಸಣ್ಣದಾಗಿ ಸ್ವಂತ ಶುರು ಮಾಡಿ, ದೊಡ್ಡ ಸಾಲ ಬೇಡ. ಪಕ್ಕದಲ್ಲಿ ರಕ್ಷಣಾ ನೆಲೆ ಇದ್ದರೆ ಕಾರವಾರದಂಥ ಕಡೆ ಮಾರುವ, ಭೋಗ್ಯದ ಮಾತೇ ಬೇಡ. ಬೇರೆ ಸಾಲ ತೀರಿಸಲು ಬಂದರು ಕೊಡೋಣ ಅಂತ ಯಾರಾದರೂ ಹೇಳಿದರೆ, ಅವರಿಗೆ ಹಂಬನ್‌ತೋಟದ 112 ಕೋಟಿ ಡಾಲರ್ ಎಲ್ಲಿ ಹೋಯಿತು ಅಂತ ಕೇಳಿ.

ಬೆಂಗಳೂರಿನ ಎರಡನೇ ನಿಲ್ದಾಣಕ್ಕೆ ನನ್ನ ಮತ ಹೀಗಿದೆ. 30 ವರ್ಷದ ಕರಾರು ಇರಲಿ, ಮುಂದುವರಿಸುವ ನಿರ್ಧಾರ ಸರ್ಕಾರದ ಕೈಯಲ್ಲಿರಲಿ. ಈಗಿನ ನಿಲ್ದಾಣದ ಹಕ್ಕು 30 ವರ್ಷದ ಮೇಲೆ ಇನ್ನೂ 30 ಸೇರಿ 2068ರವರೆಗೆ ಇದೆ. ಆದ್ದರಿಂದ ಎರಡನೆಯದನ್ನು ಬೇರೆಯವರೇ ನಡೆಸಲಿ. ಒಂದೇ ಊರಿನ ಎರಡು ಬಾಗಿಲಿಗೂ ಒಬ್ಬರೇ ಯಜಮಾನರಾದರೆ ನಾವು ಚೌಕಾಸಿ ಮಾಡುವುದು ಯಾರ ಹತ್ತಿರ? ಬರುವವರು ಕೆನಡಾದವರೋ, ಗುಜರಾತಿನವರೋ, ನಮ್ಮ ಊರಿನವರೋ, ಟೆಂಡರ್ ಕಾಗದ ಹೊರಬಂದ ದಿನ ನಾನು ಮೊದಲು ತೆರೆಯುವುದು ಆ ದೂರದ ಷರತ್ತು ಇರುವ ಪುಟವನ್ನು.